ಮೂರನೇ ಪ್ಯಾನ್ ಬಿಟ್ಟು ಬಂದವರು

ಅಕ್ಕವ್ವ ಅಡುಗೆಕಟ್ಟೆಯ ಮೇಲೆ ಎರಡು ಬಟ್ಟಲು ಇಟ್ಟಳು. ಒಂದರಲ್ಲಿ ದಪ್ಪ ರವೆ, ಇನ್ನೊಂದರಲ್ಲಿ ಸಣ್ಣ ರವೆ. ಗಂಡನನ್ನು ಕರೆದು, ಕಣ್ಣು ಮುಚ್ಚಿಕೊಂಡು ಮುಟ್ಟಿ ಹೇಳಿ ಅಂದಳು. ಗುರುಪಾದಪ್ಪ ಒಂದು ಬಟ್ಟಲಿಂದ ಚಿಟಿಕೆ ತೆಗೆದು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿದ. ಇನ್ನೊಂದರಿಂದಲೂ ತೆಗೆದು ತಿಕ್ಕಿದ.

"ಎರಡೂ ಒಂದ ಅದಾವಲಾ" ಅಂದ.

ಅಕ್ಕವ್ವ ಬಟ್ಟಲು ಎತ್ತಿಟ್ಟಳು. ಆ ದಿನ ಉಪ್ಪಿಟ್ಟಿಗೆ ಯಾವ ರವೆ ಹಾಕಿದಳೋ ಅವಳಿಗೂ ನೆನಪಿಲ್ಲ.

ಐವತ್ತಾರು ವರ್ಷದ ಗಂಡಸಿಗೆ ರವೆಯ ವ್ಯತ್ಯಾಸ ತಿಳಿಯದಿದ್ದರೆ ಏನು ಗಂಟು ಹೋಯಿತು ಎಂದು ನೀವು ಕೇಳಬಹುದು. ಬೇರೆಯವರಾಗಿದ್ದರೆ ಏನೂ ಇಲ್ಲ. ಆದರೆ ಬೆಳಗಾವಿ ಅನಗೋಳದ ಈ ಗುರುಪಾದಪ್ಪ ಮೂವತ್ತು ವರ್ಷ ಅನ್ನ ತಿಂದದ್ದೇ ಆ ಎರಡು ಬೆರಳಿನಿಂದ. ಆತ ಸಕ್ಕರೆ ಕಾರ್ಖಾನೆಯ ಪ್ಯಾನ್‌ಮನ್. ಪ್ಯಾನ್ ಎಂದರೆ ಮನೆಯ ಬಾಣಲೆ ಅಂದುಕೊಳ್ಳಬೇಡಿ. ಎರಡಾಳು ಎತ್ತರದ ಮುಚ್ಚಿದ ಉಕ್ಕಿನ ಹಂಡೆ ಅದು. ಅದರೊಳಗೆ ಕಬ್ಬಿನ ಪಾಕ ಹಬೆಯ ಶಾಖಕ್ಕೆ ಕುದ್ದು ಕುದ್ದು ಹರಳುಗಟ್ಟುತ್ತದೆ. ಒಳಗೆ ಏನಾಗುತ್ತಿದೆ ಎಂದು ಯಾರಿಗೂ ಕಾಣುವುದಿಲ್ಲ. ಪ್ಯಾನ್‌ಮನ್ ಒಂದು ಸಲಾಕೆ ಎಳೆದು ಅಂಟಿಕೊಂಡು ಬಂದ ಪಾಕವನ್ನು ಗಾಜಿನ ಪಟ್ಟಿಗೆ ಸವರಿ ಬೆಳಕಿಗೆ ಹಿಡಿದು ನೋಡುತ್ತಾನೆ, ಬೆರಳಲ್ಲಿ ತಿಕ್ಕುತ್ತಾನೆ. ಹರಳು ಎಷ್ಟು ಬೆಳೆದಿದೆ, ಇನ್ನೆಷ್ಟು ಪಾಕ ಬಿಡಬೇಕು ಎಂಬುದನ್ನು ಆ ತಿಕ್ಕಾಟವೇ ಹೇಳುತ್ತದೆ. ಎಂಎಸ್ಸಿ ಓದಿದ ಕೆಮಿಸ್ಟ್‌ಗಳು ಕೂಡ ಗುರುಪಾದಪ್ಪನ ಹೆಬ್ಬೆರಳಿಗೆ ಕಾಯುತ್ತ ನಿಲ್ಲುತ್ತಿದ್ದರು.

ಸುಡಾನ್ ದೇಶದಿಂದ ವಾಪಸು ಬಂದ ಮೇಲೆ ಆ ಬೆರಳುಗಳಿಗೆ ಏನೂ ತಿಳಿಯದಾಯಿತು. ಡಾಕ್ಟರು ಸೂಜಿ ಚುಚ್ಚಿ ನೋಡಿದರು, ನರ ಸರಿಯಾಗಿವೆ ಅಂದರು. ಬೆರಳು ಮಾತ್ರವಾಗಿದ್ದರೆ ಅಕ್ಕವ್ವ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಸಾರಿಗೆ ಉಪ್ಪು ಮರೆತಿದ್ದರೂ ಆ ಮನುಷ್ಯ ಉಂಡು ಏಳುತ್ತಿದ್ದ. ಹುಟ್ಟೂರು ಪಾರಿಶ್ವಾಡದಲ್ಲಿ ಸ್ವಂತ ಅಣ್ಣ ತೀರಿಕೊಂಡಾಗ ಮಣ್ಣು ಮಾಡಿ ಬಂದು, ಕೈ ತೊಳೆದು, ಊಟಕ್ಕೆ ಕೂತು ಇನ್ನೊಂದು ರೊಟ್ಟಿ ಕೇಳಿದ. ಅತ್ತಿಗೆ ಶಿವಬಸವ್ವ ಎಲ್ಲರ ಎದುರೇ "ಇಂವಾ ಕಲ್ಲಾಗಿ ಬಂದಾನ" ಅಂದಳು. ಅದಕ್ಕೂ ಅವನಿಗೆ ಸಿಟ್ಟು ಬರಲಿಲ್ಲ. ಹೌದು ಅನ್ನುವಂತೆ ತಲೆ ಆಡಿಸಿದ.

ಪಾರಿಶ್ವಾಡದ ಹುಡುಗನೊಬ್ಬ ನೈಲ್ ನದಿಯ ದಂಡೆಗೆ ಹೋಗಿ ಸಕ್ಕರೆ ಬೇಯಿಸಿದ್ದು ಹೇಗೆ ಎಂಬುದನ್ನೂ ಹೇಳಬೇಕು. ಬೆಳಗಾವಿ ಜಿಲ್ಲೆಯಲ್ಲಿ ಕಾರ್ಖಾನೆಗಳಿಗೇನು ಕಡಿಮೆ? ಹತ್ತೊಂಬತ್ತಕ್ಕೇ ಒಂದರಲ್ಲಿ ಕೂಲಿಗೆ ಸೇರಿದ. ಪ್ಯಾನ್ ಮನೆಯಲ್ಲಿ ಮೈಲಾರಲಿಂಗ ಎಂಬ ಮುದುಕ ಮೇಸ್ತ್ರಿ ಇದ್ದ. ಆತ ಕಲಿಸಿದ ಮೊದಲ ಪಾಠ, ಅರ್ಧ ಆದ ಪ್ಯಾನ್ ಬಿಟ್ಟು ಏಳಬಾರದು ಎಂಬುದು. ನಡುವೆ ಬಿಟ್ಟರೆ ಒಳಗಿನ ಪಾಕ ಕಲ್ಲಾಗಿ ಕೂರುತ್ತದೆ, ಆಮೇಲೆ ಹಾರೆ ಹಿಡಿದು ಒಡೆಯಬೇಕು. ಮನೆಯಲ್ಲಿ ಸಾವೇ ಆಗಿರಲಿ, ಮೊದಲು ಪ್ಯಾನ್ ಇಳಿಸು, ಆಮೇಲೆ ಅಳು. ಪ್ಯಾನ್‌ಮನ್‌ಗಳ ಜಾತಿಯೇ ಅಂಥದ್ದು. ಮಗಳು ಸಮೃದ್ಧಿ ಹುಟ್ಟಿದ ದಿನ ಗುರುಪಾದಪ್ಪ ಆಸ್ಪತ್ರೆಗೆ ಬಂದದ್ದು ನಾಲ್ಕು ತಾಸು ತಡವಾಗಿ, ಮೈಯೆಲ್ಲ ಪಾಕದ ವಾಸನೆಯೊಂದಿಗೆ. ಅಕ್ಕವ್ವ ಅದನ್ನು ಇಪ್ಪತ್ತೇಳು ವರ್ಷದಿಂದ ಎತ್ತಿ ಆಡುತ್ತಲೇ ಇದ್ದಾಳೆ.

ಕೈ ಪಳಗಿದ ಮೇಲೆ ಹೊರದೇಶದ ಕರೆ ಬಂತು. ಸುಡಾನಿನಲ್ಲಿ ಹನ್ನೆರಡು ಸೀಸನ್ ದುಡಿದ. ಅವನ ಕೈಕೆಳಗೆ ಉಸ್ಮಾನ್ ಇದ್ದ. ಮೂವತ್ತು ದಾಟಿದ, ಎರಡು ಹೆಣ್ಣುಮಕ್ಕಳ ತಂದೆ, ಮುಂದಿನ ಹಲ್ಲುಗಳ ನಡುವೆ ಕಿಂಡಿ. ಗುರುಪಾದಪ್ಪನನ್ನು ಉಸ್ತಾದ್ ಎಂದು ಕರೆಯುತ್ತಿದ್ದ. ಅರಬ್ಬಿ, ಹಿಂದಿ, ನಾಲ್ಕು ಕನ್ನಡ ಶಬ್ದ ಕಲಸಿದ ಅವರಿಬ್ಬರ ಭಾಷೆ ಮೂರನೆಯವರಿಗೆ ತಿಳಿಯುತ್ತಿರಲಿಲ್ಲ. ಕೆಲಸ ಕಲಿಯಲು ಉಸ್ಮಾನ್‌ಗೆ ಎಂಟು ವರ್ಷ ಹಿಡಿಯಿತು. ಒಂಬತ್ತನೆಯ ವರ್ಷ ಗುರುಪಾದಪ್ಪ ಮೊದಲ ಸಲ ಅವನ ಕೈಗೆ ಸಲಾಕೆ ಕೊಟ್ಟು ತಾನು ಚಹಾ ಕುಡಿಯಲು ಹೋದ. ಉಸ್ಮಾನ್ ಆ ದಿನ ಊರಿಗೆಲ್ಲ ಖರ್ಜೂರ ಹಂಚಿದ.

ಅಲ್ಲಿನ ರಾಜಕೀಯ ಗುರುಪಾದಪ್ಪನಿಗೆ ತಿಳಿಯುತ್ತಿದ್ದುದು ಹಬೆಯ ಮೀಟರಿನಲ್ಲಿ. ರಾಜಧಾನಿಯಲ್ಲಿ ಗದ್ದಲ ಎದ್ದ ವಾರದೊಳಗೆ ಕಬ್ಬು ತರುವ ಲಾರಿಗಳಿಗೆ ಡೀಸೆಲ್ ನಿಲ್ಲುತ್ತಿತ್ತು. ಕಬ್ಬು ಬರದಿದ್ದರೆ ಬಾಯ್ಲರಿಗೆ ಉರಿಸಲು ಸಿಪ್ಪೆ ಇಲ್ಲ, ಹಬೆ ಏರಿಳಿಯುತ್ತಿತ್ತು. ಹಬೆ ಒಂದೇ ಸಮ ಇಲ್ಲದಿದ್ದರೆ ಪಾಕದಲ್ಲಿ ಬೇಡದ ಪುಡಿ ಹರಳು ಹುಟ್ಟುತ್ತವೆ, ಅವು ತಾವೂ ಬೆಳೆಯುವುದಿಲ್ಲ, ಬೆಳೆಯುವ ಹರಳನ್ನೂ ಬಿಡುವುದಿಲ್ಲ. ಮೂವತ್ತು ವರ್ಷ ದೇಶ ಆಳುತ್ತ ಕೂತಿದ್ದವನು ಕುರ್ಚಿಯಿಂದ ಇಳಿದ ವರ್ಷ ಜನ ಬೀದಿಯಲ್ಲಿ ಕುಣಿದರು. ಎರಡೂವರೆ ವರ್ಷದಲ್ಲಿ ಸೈನ್ಯ ಮತ್ತೆ ಕುರ್ಚಿ ಹಿಡಿಯಿತು. ಬಿಡಿಭಾಗ ಬರುವುದು ನಿಂತಿತು, ಪಂಪುಗಳಿಗೆ ಸೈಕಲ್ ಟ್ಯೂಬು ಸುತ್ತಿ ಓಡಿಸಿದರು. ಹಾಗಿದ್ದೂ ಗುರುಪಾದಪ್ಪ ಮತ್ತು ಉಸ್ಮಾನ್ ಸೀಸನ್ ತಪ್ಪಿಸಲಿಲ್ಲ.

ಇಸವಿ ಎರಡು ಸಾವಿರದ ಇಪ್ಪತ್ತಮೂರರ ಏಪ್ರಿಲ್. ರಂಜಾನ್ ತಿಂಗಳು. ರಾಜಧಾನಿಯಲ್ಲಿ ಎರಡು ಸೈನ್ಯಗಳು ಒಂದರ ಮೇಲೊಂದು ಬಿದ್ದವು. ಭಾರತೀಯರನ್ನು ಕರೆದೊಯ್ಯಲು ಕಾರ್ಖಾನೆಗೆ ಬಸ್ಸು ಬಂದಾಗ ಮಧ್ಯಾಹ್ನ. ಡ್ರೈವರ್ ಹದಿನೈದು ನಿಮಿಷ ಕೊಟ್ಟ. ಮೂರನೇ ಪ್ಯಾನ್ ಅರ್ಧ ಆಗಿತ್ತು. ಗುರುಪಾದಪ್ಪ ಬ್ಯಾಗು ಹೆಗಲಿಗೇರಿಸಿ ಪ್ಯಾನಿನ ಮುಂದೆ ನಿಂತ. ಉಸ್ಮಾನ್ ಕೈಯಲ್ಲಿ ಸಲಾಕೆ ಇತ್ತು.

"ಪ್ಯಾನ್ ಬಿಡಬ್ಯಾಡ. ಎರಡು ತಾಸಿನ ಕೆಲಸ. ಇಳಿಸಿದ ಮ್ಯಾಲ ಮನಿಗಿ ಹೋಗು" ಅಂದ ಗುರುಪಾದಪ್ಪ, ಅವರ ಆ ಕಲಸು ಭಾಷೆಯಲ್ಲಿ.

"ಆತು, ಉಸ್ತಾದ್" ಅಂದ ಉಸ್ಮಾನ್.

ಬಂದರಿನಲ್ಲಿ ಹಡಗಿಗಾಗಿ ಕಾಯುತ್ತಿದ್ದಾಗ ಕಾರ್ಖಾನೆ ಕಡೆಯಿಂದ ಆಮೇಲೆ ಬಂದವನೊಬ್ಬ ಸುದ್ದಿ ತಂದ. ನಿಮ್ಮ ಬಸ್ಸು ಹೋಗಿ ತಾಸು ಆಗಿರಲಿಲ್ಲ, ಬಂದೂಕಿನವರು ಕಾರ್ಖಾನೆಗೆ ನುಗ್ಗಿದರು, ಪ್ಯಾನ್ ಮನೆಯ ಕಡೆಯಿಂದ ಹೊಗೆ ಎದ್ದಿತು ಎಂದ. ಒಂದು ತಾಸು. ಗುರುಪಾದಪ್ಪ ಹೇಳಿದ್ದು ಎರಡು ತಾಸು. ಉಸ್ಮಾನನ ಫೋನಿಗೆ ಅಂದು ಮಾಡಿದ, ಹಡಗಿನಿಂದ ಮಾಡಿದ, ಅನಗೋಳಕ್ಕೆ ಬಂದು ಆರು ತಿಂಗಳು ದಿನಾ ಮಾಡಿದ. ಅದು ಒಂದು ಸಲವೂ ರಿಂಗ್ ಆಗಲಿಲ್ಲ. ಆಮೇಲೆ ಬಿಟ್ಟ. ತನ್ನ ಮಾತಿಗೆ ಒಬ್ಬ ಮನುಷ್ಯ ಸತ್ತ, ಅದೂ ಒಂದು ಹಂಡೆ ಪಾಕಕ್ಕಾಗಿ ಸತ್ತ ಎಂಬುದನ್ನು ಅವನು ಯಾರ ಮುಂದೆಯೂ ಆಡಲಿಲ್ಲ. ಮನೆಯಲ್ಲಿ ಎಲ್ಲರೂ ಅವನು ಯುದ್ಧಕ್ಕೆ ಹೆದರಿದ್ದಾನೆ ಎಂದೇ ತಿಳಿದಿದ್ದರು.

ಎರಡು ವರ್ಷ ಕಳೆದವು. ಮಗಳು ಸಮೃದ್ಧಿ ಖಾನಾಪುರದ ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿ. ಆಫ್ರಿಕಾ ದೇಶಗಳಲ್ಲಿ ರಾಜಕೀಯ ಸ್ಥಿರತೆ ಮತ್ತು ಆರ್ಥಿಕ ಬೆಳವಣಿಗೆ ಎಂಬ ವಿಷಯದ ಮೇಲೆ ಅವಳು ಸೆಮಿನಾರಿಗೆ ಪ್ರಬಂಧ ಬರೆಯುತ್ತಿದ್ದಳು. ಮನೆಯಲ್ಲೇ ಹನ್ನೆರಡು ವರ್ಷ ಆಫ್ರಿಕಾ ಕಂಡವನು ಟಿವಿ ಮುಂದೆ ಕೂತಿದ್ದಾನೆ, ತಾನು ಮಾತ್ರ ಕಂಪ್ಯೂಟರಿನಲ್ಲಿ ಕೋಷ್ಟಕ ಹುಡುಕುತ್ತಿದ್ದೇನೆ ಎಂದು ಒಂದು ದಿನ ಅವಳಿಗೇ ನಗು ಬಂತು.

"ಅಪ್ಪಾ, ನಾಳೆ ನನ್ನ ಕ್ಲಾಸಿಗೆ ಬಾ. ಹುಡುಗ್ರಿಗೆ ಎರಡು ಮಾತು ಹೇಳು" ಅಂದಳು.

"ಆತು" ಅಂದ. ಬರುವುದಿಲ್ಲ ಅನ್ನಲಿಕ್ಕೂ ಒಂದಿಷ್ಟು ಮನಸ್ಸು ಬೇಕಲ್ಲ.

ಖಾನಾಪುರದ ಬಸ್ಸಿಳಿದು ತರಗತಿಗೆ ಹೋದರು. ಮೂವತ್ತು ಮಕ್ಕಳಿದ್ದರು, ಅರ್ಧ ಜನ ತಮ್ಮತಮ್ಮಲ್ಲಿ ಮರಾಠಿ ಆಡುವವರು. ಗುರುಪಾದಪ್ಪ ಡೀಸೆಲ್, ಹಬೆ, ಪುಡಿ ಹರಳು ಎಲ್ಲ ಹೇಳಿದ. ರೈಲ್ವೆ ನಿಲ್ದಾಣದಲ್ಲಿ ಗಾಡಿಗಳ ಹೊತ್ತು ಹೇಳುವ ದನಿಯಲ್ಲಿ ಹೇಳಿದ. ಆದರೂ ಮಕ್ಕಳು ಸುಮ್ಮನೆ ಕೂತು ಕೇಳಿದರು. ಮೇಘಾ ಎಂಬ ಹುಡುಗಿ ಎದ್ದು ನಿಂತಳು.

"ಸರ್, ಹಂಗಾದ್ರ ಒಬ್ಬನ ಭಾಳ ವರ್ಷ ಕುರ್ಚಿ ಮ್ಯಾಲ ಕುಂತ್ರ ಚಲೋ ಅಲ್ರಿ? ಗದ್ಲ ಇರಂಗಿಲ್ಲ, ಹಬಿ ಒಂದ ಸಮ ಇರತೈತಿ."

ಗುರುಪಾದಪ್ಪ ಬಾಯ್ಲರಿನ ಮಾತು ತೆಗೆದ. "ಬಾಯ್ಲರಿಗೆ ಒಂದು ಸೇಫ್ಟಿ ವಾಲ್ವ್ ಇರತೈತಿ, ತಂಗಿ. ಹಬಿ ಹೆಚ್ಚಾದ್ರ ಅದು ಒದರತೈತಿ. ಒದರೂದು ಬ್ಯಾಡ ಅಂತ ಅದನ್ನ ತಂತಿಲೆ ಬಿಗದ ಕಟ್ಟಿದ್ರ ಮೀಟರಿನ ಮುಳ್ಳು ನಡಗಂಗಿಲ್ಲ, ಸಪ್ಪಳನೂ ಇರಂಗಿಲ್ಲ. ನೋಡಾಕ ಭಾಳ ಶಾಂತ. ನಾವು ಅಲ್ಲಿ ಹೋದಾಗ ಹಂಗ ಇತ್ತು. ಚಲೋ ದೇಶ ಅಂತಿದ್ವಿ. ಹಬಿ ಒಂದ ಸಮ ಇರಬೇಕಾದ್ರ ವಾಲ್ವ್ ಒದರಾಕ ಬಿಡಬೇಕು."

ಸಮೃದ್ಧಿ ಹಿಂದಿನ ಬೆಂಚಿನಲ್ಲಿ ಕೂತು ಅದನ್ನು ಬರೆದುಕೊಂಡಳು. ಅವಳ ಕೋಷ್ಟಕಗಳಲ್ಲಿ ಸರ್ಕಾರ ಎಷ್ಟು ವರ್ಷ ಇತ್ತು ಎಂಬ ಲೆಕ್ಕವಿತ್ತು, ತಂತಿ ಕಟ್ಟಿದ್ದರ ಲೆಕ್ಕ ಇರಲಿಲ್ಲ.

"ಕಡೀಕ ಆ ಪ್ಯಾನ್ ಏನಾತ್ರಿ ಸರ್? ಅರ್ಧ ಆಗಿದ್ದು?" ಮೇಘಾ ಮತ್ತೆ ಕೇಳಿದಳು. ಬಸ್ಸು ಬಂದಾಗ ಪ್ಯಾನ್ ನಡೆದಿತ್ತು ಎಂದು ಆತನೇ ಬಾಯಿತಪ್ಪಿ ಹೇಳಿದ್ದ.

"ಗೊತ್ತಿಲ್ಲ" ಅಂದು ಗುರುಪಾದಪ್ಪ ಕುರ್ಚಿಯಲ್ಲಿ ಕೂತುಬಿಟ್ಟ. ಮತ್ತೆ ಏಳಲಿಲ್ಲ. ಮಕ್ಕಳು ಚಪ್ಪಾಳೆ ಹೊಡೆದರು.

ಅದೇ ವಾರ ಬೆಳಗಾವಿಯ ಸದಾಶಿವನಗರದಿಂದ ಸುಮಂತ ಫೋನು ಮಾಡಿದ. ಹೊರದೇಶದ ಸಕ್ಕರೆ ಕಾರ್ಖಾನೆಗಳಿಗೆ ಇಲ್ಲಿಂದ ಜನ ಕಳಿಸುವುದು ಅವನ ಕಸುಬು, ಹಿಂದೆ ಸುಡಾನಿಗೆ ಕಳಿಸಿದವನೂ ಅವನೇ.

"ಯುಗಾಂಡಾದಾಗ ಛಲೋ ಜಾಗಾ ಅದ, ಗುರುಪಾದಪ್ಪನವರ. ಅಲ್ಲೆ ಸರಕಾರ ಮೂವತ್ತೊಂಬತ್ತು ವರ್ಷದಿಂದ ಒಂದ ಅದ ನೋಡ್ರಿ, ಏನೂ ಹೆದರ್ಲಿಕ್ಕೆ ಕಾರಣ ಇಲ್ಲ. ಹೋಗ್ತೀರೇನು?"

"ಆತ್ರಿ."

"ಇಲ್ಲಾ, ನಿಮಗ ಬ್ಯಾಡ ಅಂದ್ರ ಬಿಡೂಣು."

"ಆತ್ರಿ."

ಸುಮಂತನಿಗೆ ತಲೆಬುಡ ತಿಳಿಯಲಿಲ್ಲ. ಫೋನನ್ನು ಅಕ್ಕವ್ವ ಕಿತ್ತುಕೊಂಡಳು. ಅವಳಿಗೂ ಕಳಿಸುವ ಮನಸ್ಸಿಲ್ಲ. ಆದರೆ ಹೀಗೆ ಮನೆಯಲ್ಲಿ ಕೂತು ದಿನಕ್ಕಿಷ್ಟು ಸಾಯುವುದಕ್ಕಿಂತ ಪ್ಯಾನಿನ ಮುಂದೆ ನಿಂತರೆ ಜೀವ ಬರಬಹುದೇನೋ ಎಂದು ಅವಳ ಆಸೆ. ಅರ್ಜಿ ಕಳಿಸಲು ಹೇಳಿದಳು.

ಭಾನುವಾರ ಮಧ್ಯಾಹ್ನ ಸಮೃದ್ಧಿ ಲ್ಯಾಪ್‌ಟಾಪ್ ತೆರೆದು ಅರ್ಜಿ ತುಂಬಲು ಕೂತಳು. ವಯಸ್ಸು, ಅನುಭವ, ಪಾಸ್‌ಪೋರ್ಟ್ ಎಲ್ಲ ಆದವು.

"ನೀ ತರಬೇತಿ ಕೊಟ್ಟವರ ಹೆಸರು ಕೇಳ್ಯಾರ ಅಪ್ಪಾ."

"ಖಾಲಿ ಬಿಡು."

"ಹನ್ನೆರಡು ವರ್ಷದಾಗ ಯಾರಿಗೂ ಕಲಿಸಿಲ್ಲೇನು?"

ಗುರುಪಾದಪ್ಪ ಗೋಡೆ ಕಡೆ ತಿರುಗಿದ. "ಉಸ್ಮಾನ್ ಅಂತ ಬರಿ" ಅಂದ. ಅವಳು ಬರೆದಳು. ಈಗೆಲ್ಲಿದ್ದಾರೆ ಎಂಬ ಮುಂದಿನ ಕಾಲಮ್ಮನ್ನು ಓದಿದಳು.

"ನಾನ ಕೊಂದೇನಿ ಅಂವನ್ನ" ಅಂದ ಗುರುಪಾದಪ್ಪ.

ರೈಲ್ವೆ ನಿಲ್ದಾಣದ ಅದೇ ದನಿಯಲ್ಲಿ ಎಲ್ಲ ಹೇಳಿದ. ಬಸ್ಸು, ಹದಿನೈದು ನಿಮಿಷ, ಎರಡು ತಾಸಿನ ಕೆಲಸ, ಹೊಗೆ. ಬಾಗಿಲಲ್ಲಿ ನಿಂತಿದ್ದ ಅಕ್ಕವ್ವ ಅಲ್ಲೇ ನೆಲಕ್ಕೆ ಕೂತಳು. ತಾನು ಮಗಳ ಹುಟ್ಟಿನ ದಿನವನ್ನು ಎತ್ತಿ ಆಡಿಕೊಂಡಿದ್ದ ಮಾತುಗಳೆಲ್ಲ ಅವಳಿಗೆ ನೆನಪಾದವು. ಹೇಳಿ ಮುಗಿಸಿದವನಿಗೆ ಮಾತ್ರ ಹಗುರವೂ ಆಗಲಿಲ್ಲ, ಭಾರವೂ ಆಗಲಿಲ್ಲ. "ನೀರ ಕೊಡ" ಅಂದ.

ಸಮೃದ್ಧಿ ಆ ಕಾಲಮ್ಮಿನಲ್ಲಿ ತಿಳಿದಿಲ್ಲ ಎಂದು ಬರೆದು ಅರ್ಜಿ ಕಳಿಸಿದಳು.

ಹತ್ತು ದಿನಕ್ಕೆ ಸಂದರ್ಶನ. ಸುಮಂತನ ಆಫೀಸಿನ ಟಿವಿಯಲ್ಲಿ ವಿಡಿಯೋ ಕರೆ ಎಂದು ಗೊತ್ತಾಯಿತು. ಸಮೃದ್ಧಿಯೂ ಜೊತೆಗೆ ಹೋದಳು. ಸುಮಂತ ಅರ್ಧ ತಾಸಿಗಿಂತ ಹೆಚ್ಚು ಬೇಡ ಎಂದು ಎಚ್ಚರಿಸಿ ಪಕ್ಕದ ಕೋಣೆಗೆ ಹೋದ. ಪರದೆಯಲ್ಲಿ ಮೂಡಿದ ಮ್ಯಾನೇಜರು ಲಕ್ಷ್ಮಪ್ಪ, ಮೂಲತಃ ರಾಮದುರ್ಗದವನು. ಸಕ್ಕರೆಯವರ ಲೋಕವೇ ಇಷ್ಟು, ಎಲ್ಲಿ ಹೋದರೂ ನಾಲ್ಕು ತಾಲೂಕಿನವರೇ ಸಿಗುತ್ತಾರೆ.

"ಪ್ಯಾನಿನ ಪ್ರಶ್ನಿ ಕೇಳಾಂಗಿಲ್ರಿ ನಿಮಗ" ಅಂದ ಲಕ್ಷ್ಮಪ್ಪ. "ನಿಮ್ಮ ಅರ್ಜಿ ಬಂದ ಮ್ಯಾಲ ಒಂದು ಗಮ್ಮತ್ತ ಆತು. ನಮ್ಮ ಪ್ಯಾನ್ ಮನ್ಯಾಗ ಒಂದೂವರಿ ವರ್ಷದಿಂದ ಒಬ್ಬ ಅದಾನ. ಸುಡಾನಿನಿಂದ ಓಡಿ ಬಂದಾಂವ. ಏನರೆ ತಿದ್ದಾಕ ಹೋದ್ರ, ನಮ್ಮ ಉಸ್ತಾದ್ ಹಿಂಗ ಮಾಡ್ತಿದ್ದಿಲ್ಲ ಅಂತ ನನಗ ಪಾಠಾ ಹೇಳ್ತಾನ. ನಿಮ್ಮ ಫೋಟೋ ತೋರ್ಸಿದ್ನಿ. ಆವತ್ತಿಂದ ಊಟಾ ಬಿಟ್ಟಾನ. ಬಾಜೂಕ ನಿಂತಾನ ನೋಡ್ರಿ, ಮುಂದ ಬರವಲ್ಲ."

ಪರದೆಯ ಅಂಚಿನಲ್ಲಿ ಒಂದು ಹೆಗಲು ಕಂಡಿತು. ಲಕ್ಷ್ಮಪ್ಪ ಅದನ್ನು ಹಿಡಿದೆಳೆದ. ಉಸ್ಮಾನ್ ಬಂದು ಕೂತ. ತೆಳ್ಳಗಾಗಿದ್ದ, ಗಡ್ಡ ಅಲ್ಲಲ್ಲಿ ಬೆಳ್ಳಗಾಗಿತ್ತು. ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದ.

ಗುರುಪಾದಪ್ಪ ಅಲುಗಾಡಲಿಲ್ಲ. ಕಣ್ಣಿಗೆ ಕಂಡದ್ದು ಒಳಗೆ ಇಳಿಯಲಿಲ್ಲ. ಸಮೃದ್ಧಿ ಅಪ್ಪನ ತೋಳು ಹಿಡಿದಳು.

ಉಸ್ಮಾನ್ ಮಾತಾಡಿದ್ದು ಅವರ ಕಲಸು ಭಾಷೆಯಲ್ಲಿ, ಅದರ ಅರ್ಥ ಇಷ್ಟು. "ಉಸ್ತಾದ್, ಸುಳ್ಳು ಹೇಳಿದೆ. ನಿಮ್ಮ ಬಸ್ಸು ಗೇಟು ದಾಟಿದ್ದೇ ತಡ, ಹಬೆ ಬಂದ್ ಮಾಡಿ, ಸಲಾಕೆ ಎಸೆದು ಮನೆಗೆ ಓಡಿದೆ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಸಂಜೆಯೊಳಗೆ ಊರು ಬಿಟ್ಟೆ. ದಾರಿಯಲ್ಲಿ ಬಂದೂಕಿನವರು ಫೋನು ಕಿತ್ತುಕೊಂಡರು. ಆದರೆ ನಿಮ್ಮ ನಂಬರು ನನಗೆ ಬಾಯಿಪಾಠ. ಎರಡು ವರ್ಷ ದಿನಾ ನೆನೆಸಿಕೊಂಡೆ. ಪ್ಯಾನ್ ಬಿಟ್ಟು ಓಡಿದವನು ಯಾವ ಮುಖ ಹೊತ್ತು ಫೋನು ಮಾಡಲಿ?"

ಗುರುಪಾದಪ್ಪನ ಕಿವಿ ಕೆಂಪಾಯಿತು, ಕುತ್ತಿಗೆಯ ನರ ಎದ್ದವು. ಎರಡೂ ಕೈ ಮೇಜಿಗೆ ಬಡಿದು ಎದ್ದು ನಿಂತ.

"ಅರ್ಧ ಪ್ಯಾನ್ ಬಿಟ್ಟು ಓಡಿದ್ಯಾ?" ಎಂದು ಗುಡುಗಿದ. ಪಕ್ಕದ ಕೋಣೆಯಿಂದ ಸುಮಂತ ಓಡಿ ಬಂದ. "ಎಂಟು ವರ್ಷ ಏನ್ ಕಲಿಸಿದೆ ನಿನಗ? ತಲೀ ಐತೇನು? ಪಾಕಾ ಕಲ್ಲಾಗಿರತೈತಿ! ಯಾರ್ ಒಡೀಬೇಕು ಅದನ್ನ? ನಿಮ್ಮಪ್ಪ ಬಂದು ಒಡೀತಾನೇನು? ಹಬಿ ಬಂದ್ ಮಾಡಿದ್ಯಂತ, ಅಡ್ನಾಡಿ! ಕೆಳಗಿನ ವಾಲ್ವ್ ತಗದು ಪಾಕಾ ಹರೀಬಿಡಾಕ ಏನಾಗಿತ್ತು? ಎರಡು ನಿಮಿಷದ ಕೆಲಸ! ಒಂದು ಫೋನ್ ಮಾಡಾಕ ಏನಾಗಿತ್ತು? ಎರಡು ವರ್ಷ! ಎರಡು ವರ್ಷ ನಾ ಇಲ್ಲೆ..."

ದನಿ ಅಲ್ಲಿಗೆ ಒಡೆಯಿತು. ಅಣ್ಣನ ಮಣ್ಣಿಗೆ ಬರದಿದ್ದ ಅಳು ಈಗ ಇಡೀ ಮೈ ಅಲುಗಿಸುತ್ತ ಬಂತು. ಮೂಗು, ಕಣ್ಣು ಎಲ್ಲ ಸುರಿದವು, ಒರೆಸಿಕೊಳ್ಳಲಿಲ್ಲ. ಆಚೆ ಉಸ್ಮಾನ್ ಮುಖದಿಂದ ಕೈ ತೆಗೆದಿದ್ದ. ಅವನೂ ಅಳುತ್ತಿದ್ದ.

"ಬೈಯ್ರಿ, ಉಸ್ತಾದ್" ಅಂದ ಅವನು, ತನಗೆ ಬರುವ ನಾಲ್ಕು ಕನ್ನಡ ಮಾತಿನಲ್ಲಿ. "ಇನ್ನ ಸ್ವಲ್ಪ ಬೈಯ್ರಿ."

ಗುರುಪಾದಪ್ಪ ಬೈದ. ಅಳುತ್ತ ಬೈದ, ಉಸಿರು ಸಾಲದೆ ಕುರ್ಚಿಯಲ್ಲಿ ಕುಸಿದು ಕೂತು ಬೈದ. ಅರ್ಧ ತಾಸು ಕಳೆದು ಇನ್ನೊಂದು ಅರ್ಧ ತಾಸು ಕಳೆದರೂ ಕರೆ ನಿಲ್ಲಿಸಿ ಎಂದು ಸುಮಂತ ಹೇಳಲಿಲ್ಲ.